ಮೆರ್ಕಾರಿಯಿಂದ ಹಳೆ ಲೋಲಿಟಾ ಫ್ರಾಕು: ಪ್ರಾಕ್ಸಿ ಹಿಡಿದು ಕೊಳ್ಳುವವರಿಗೆ ಒಂದು ವಿಮರ್ಶೆ

ಲೋಲಿಟಾ ಅಂದರೆ ಲೇಸು, ಬೋಗಳಿಂದ ತುಂಬಿದ, ಗೊಂಬೆಯ ಉಡುಪಿನಂಥ ಜಪಾನಿ ಫ್ಯಾಷನ್ ಶೈಲಿ. ಏಂಜೆಲಿಕ್ ಪ್ರೆಟಿ, ಬೇಬಿ ದ ಸ್ಟಾರ್ಸ್ ಶೈನ್ ಬ್ರೈಟ್ ತರಹದ ಬ್ರ್ಯಾಂಡ್‌ಗಳ ಒಂದು ಜೆಎಸ್‌ಕೆ (ಬ್ಲೌಸಿನ ಮೇಲೆ ತೊಡುವ ತೋಳಿಲ್ಲದ ಫ್ರಾಕು) ಹೊಸದಾಗಿ ಕೊಂಡರೆ ಸುಮಾರು 30,000 ಯೆನ್ ಮೇಲೇ ಬೀಳುತ್ತದೆ. ಅದೇ ಫ್ರಾಕು ನಾಲ್ಕೈದು ವರ್ಷ ಯಾರದೋ ಕಪಾಟಿನಲ್ಲಿದ್ದು ಮೆರ್ಕಾರಿ ಎಂಬ ಜಪಾನಿನ ಹಳೆ ಸಾಮಾನು ಮಾರುವ ಆ್ಯಪ್‌ಗೆ ಬಂದಾಗ ಎಷ್ಟೋ ಸಲ ಅರ್ಧ ಬೆಲೆಗೆ ಸಿಗುತ್ತದೆ. ಎಲ್ಲರೂ ಮುಗಿಬೀಳುವ ಕೆಲವು ಪ್ರಿಂಟ್‌ಗಳ (ಬಟ್ಟೆಯ ಮೇಲಿನ ಚಿತ್ರವಿನ್ಯಾಸಗಳ) ಮಾತು ಬೇರೆ. ಅವು ಹಳೆಯದಾದಷ್ಟೂ ದುಬಾರಿ. 2013ರಲ್ಲಿ ಶುರುವಾದ ಈ ಆ್ಯಪ್‌ನಲ್ಲಿ ಮಾರುವವರು ಹೆಚ್ಚಾಗಿ ಮನೆಯಿಂದಲೇ ಮಾರುವ ಸಾಮಾನ್ಯ ಜನ. ಅವರು ಜಪಾನಿನೊಳಗಿನ ವಿಳಾಸಕ್ಕೆ ಕಳಿಸುತ್ತಾರೆ, ಹಾಗಾಗಿ ಹೊರಗಿರುವ ಅಭಿಮಾನಿಗೆ ನಡುವೆ ಒಂದು ಪ್ರಾಕ್ಸಿ ಬೇಕು: ನಿಮ್ಮ ಪರವಾಗಿ ಕೊಂಡು, ತನ್ನ ಗೋದಾಮಿಗೆ ತರಿಸಿ, ಅಲ್ಲಿಂದ ನಿಮಗೆ ಕಳಿಸುವ ಸೇವೆ.

ಐದಕ್ಕೆ ಎಷ್ಟು ಅಂಕ ಎಂದು ಕೇಳಿದರೆ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಜೆಎಸ್‌ಕೆಗೆ ನಾಲ್ಕು, ತೋಳಿರುವ ಫ್ರಾಕಾದ ಓಪಿಗೆ (ಒನ್‌ಪೀಸ್) ಮೂರೂವರೆ, ಬ್ಲೌಸಿಗೆ ಎರಡೂವರೆ, ಶೂಗೆ ಒಂದು, ಪೆಟಿಕೋಟಿಗೆ ಸೊನ್ನೆ. ಹೀಗೇಕೆಂದರೆ ಈ ದಾರಿಯಲ್ಲಿ ಪ್ರಾಕ್ಸಿ ನಿಮಗೆ ಕೈ ಕೊಡುತ್ತದೆ, ಕಣ್ಣು ಕೊಡುವುದಿಲ್ಲ. ನೋಡುವ ಕೆಲಸವೆಲ್ಲ ನಿಮ್ಮದೇ, ಅದೂ ಕೊಳ್ಳುವ ಮೊದಲೇ.

ಇದರ ಹಿಂದಿನ ವ್ಯವಸ್ಥೆ ಗೊತ್ತಿದ್ದರೆ ಒಳ್ಳೆಯದು. ಮೆರ್ಕಾರಿಯಲ್ಲಿ ಕೊಂಡವರು ವಸ್ತು ಕೈಗೆ ಬಂದ ಮೇಲೆ ರೇಟಿಂಗ್ ಕೊಡಬೇಕು, ಆಮೇಲಷ್ಟೇ ಮಾರಿದವರಿಗೆ ದುಡ್ಡು ಸೇರುತ್ತದೆ. ಏನಾದರೂ ತಕರಾರಿದ್ದರೆ ಆ ರೇಟಿಂಗ್‌ಗೆ ಮುಂಚೆ ಎತ್ತಬೇಕು. ಇಲ್ಲಿ ಕೊಂಡವರು ಅಂದರೆ ಪ್ರಾಕ್ಸಿ. ಪೊಟ್ಟಣ ಗೋದಾಮಿಗೆ ಬಂದ ಮೇಲೆ ಸಾಮಾನ್ಯವಾಗಿ ಬೇಗನೆ ಅವರು ರೇಟಿಂಗ್ ಒತ್ತಿ ವ್ಯವಹಾರ ಮುಗಿಸುತ್ತಾರೆ. ಮೂರು ವಾರ ಬಿಟ್ಟು ನಿಮ್ಮ ಮನೆಯಲ್ಲಿ ಪೆಟ್ಟಿಗೆ ತೆರೆದಾಗ ಕಂಕುಳಲ್ಲಿ ಕಲೆ ಕಂಡರೆ ಕೇಳುವವರು ಯಾರೂ ಉಳಿದಿರುವುದಿಲ್ಲ. ಗೋದಾಮಿನಲ್ಲಿ ‘ತಪಾಸಣೆ’ ಮಾಡುತ್ತೇವೆ ಎಂಬ ಮಾತಿಗೂ ಹೆಚ್ಚು ಬೆಲೆ ಕೊಡಬೇಡಿ. ಬಣ್ಣ, ಎಣಿಕೆ, ಎದ್ದು ಕಾಣುವ ಹರಕು, ಇಷ್ಟನ್ನು ನೋಡುತ್ತಾರೆ. ಅಸಲಿಯೋ ನಕಲಿಯೋ, ಎಲಾಸ್ಟಿಕ್ ಜೀವಂತವಾಗಿದೆಯೋ ಇಲ್ಲವೋ ಅವರ ಲೆಕ್ಕಕ್ಕೆ ಬರುವುದಿಲ್ಲ. ಹೆಚ್ಚುವರಿ ದುಡ್ಡಿಗೆ ಫೋಟೊ ತೆಗೆದು ಕಳಿಸುವ ಸೌಲಭ್ಯವಿದ್ದರೆ 10,000 ಯೆನ್ ಮೇಲಿನ ಫ್ರಾಕಿಗೆ ಅದನ್ನು ತೆಗೆದುಕೊಳ್ಳಿ, ಯಾವ ಜಾಗದ ಫೋಟೊ ಬೇಕು ಎಂದು ಬರೆದೇ ಕೇಳಿ.

ಹುಡುಕುವಾಗ ಇಂಗ್ಲಿಷ್ ಹೆಸರಿಗಿಂತ ಕಟಾಕಾನ ಎಂಬ ಜಪಾನಿ ಲಿಪಿಯಲ್ಲಿ ಬರೆದ ಹೆಸರೇ ಒಳ್ಳೆಯದು. ಅನುವಾದ ಮಾಡಿದ ಪ್ರಾಕ್ಸಿ ಪುಟದಲ್ಲಿ ಹುಡುಕಿದರೆ ಅರ್ಧದಷ್ಟು ಸಿಗುವುದೇ ಇಲ್ಲ. ಜಪಾನಿ ಅಭಿಮಾನಿಗಳು ಮೆಟಾಮೋರ್ಫೋಸ್ ಬ್ರ್ಯಾಂಡಿಗೆ ‘ಮೆಟಾಮೊ’, ಇನೊಸೆಂಟ್ ವರ್ಲ್ಡ್ ಬ್ರ್ಯಾಂಡಿಗೆ ‘ಇನೊವಾ’ ಎನ್ನುತ್ತಾರೆ; ಮಾರುವವರೂ ಹಾಗೇ ಬರೆಯುತ್ತಾರೆ. ಬರೀ ‘ಲೋಲಿಟಾ’ ಎಂದು ಹಾಕಿದರೆ ಸಿಗುವುದು ಕಸದ ರಾಶಿ: ಸಂಬಂಧವಿಲ್ಲದ ಫ್ರಾಕುಗಳಿಗೂ ‘ಜಿರಾಯ್-ಕೆಯ್’, ‘ರ್ಯೋಸಾನ್‌ಗಾತ’ ಎಂದೆಲ್ಲ ಬೇರೆ ಫ್ಯಾಷನ್ ಶೈಲಿಗಳ ಪದ ಪೋಣಿಸಿರುತ್ತಾರೆ. ಬ್ರ್ಯಾಂಡ್ ಹೆಸರಿನ ಬಾಲಕ್ಕೆ ‘ಫೂ’ ಎಂದಿದ್ದರೆ ಅದು ಆ ಬ್ರ್ಯಾಂಡಿನ ಶೈಲಿಯದು ಎಂದಷ್ಟೇ ಅರ್ಥ, ಆ ಬ್ರ್ಯಾಂಡಿನದಲ್ಲ. ಶೀರ್ಷಿಕೆಯಲ್ಲಿ ಯಾರದೋ ಹೆಸರಿನ ಜೊತೆ ‘ಸೆನ್ಯೋ’ ಎಂದಿದ್ದರೆ ಆ ವ್ಯಕ್ತಿಗೆ ಮೀಸಲು. ಕೊಳ್ಳುವ ಗುಂಡಿ ಕೆಲಸ ಮಾಡಿದರೂ ಮಾರುವವರು ರದ್ದು ಮಾಡುವ ಸಂಭವವೇ ಹೆಚ್ಚು, ಅಲ್ಲಿಯವರೆಗೆ ನಿಮ್ಮ ದುಡ್ಡು ಪ್ರಾಕ್ಸಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಸ್ಥಿತಿಯ ವಿಚಾರಕ್ಕೆ ಬಂದರೆ ಮೆರ್ಕಾರಿಯಲ್ಲಿ ಆರು ದರ್ಜೆ: ಹೊಸದು-ಬಳಸದ್ದು, ಬಳಸದ್ದಕ್ಕೆ ಹತ್ತಿರ, ಎದ್ದು ಕಾಣುವ ಕಲೆ-ಗಾಯ ಇಲ್ಲದ್ದು, ಸ್ವಲ್ಪ ಕಲೆ-ಗಾಯ ಇರುವುದು, ಕಲೆ-ಗಾಯ ಇರುವುದು, ಒಟ್ಟಾರೆ ಕೆಟ್ಟ ಸ್ಥಿತಿ. ದರ್ಜೆಯನ್ನು ಆರಿಸುವವರು ಮಾರುವವರೇ. ಮೂರನೆಯದರಲ್ಲಿ ನಿಜಕ್ಕೂ ಚೆನ್ನಾಗಿರುವುದೂ ಇರುತ್ತದೆ, ಕಣ್ಣು ಮುಚ್ಚಿ ಹಾಕಿದ್ದೂ ಇರುತ್ತದೆ. ನಾಲ್ಕನೆಯದರಲ್ಲಿ ಮಾತ್ರ ಒಂದು ಸ್ವಾರಸ್ಯವಿದೆ. ಅಲ್ಲಿಗೆ ಹಾಕುವವರು ಸಾಮಾನ್ಯವಾಗಿ ಪ್ರಾಮಾಣಿಕರು. ಎಲ್ಲಿ ಏನಾಗಿದೆ ಎಂದು ಹತ್ತಿರದಿಂದ ಫೋಟೊ ಹಾಕಿ ಹೇಳಿರುತ್ತಾರೆ, ಬೆಲೆಯೂ ಇಳಿದಿರುತ್ತದೆ. ಒಳ್ಳೆ ಬೇಟೆ ನಡೆಯುವುದು ಇಲ್ಲೇ.

ವಿವರಣೆಯಲ್ಲಿ ಕಣ್ಣಿಗೆ ಬೀಳಲೇಬೇಕಾದ ಪದಗಳು ಕೆಲವಿವೆ. ‘ಕಿಬಾಮಿ’ ಅಂದರೆ ಹಳದಿಗಟ್ಟಿದ್ದು, ದಂತಬಣ್ಣದ ಹತ್ತಿಯ ಲೇಸಿನಲ್ಲಿ ಸಾಮಾನ್ಯ; ಆಮ್ಲಜನಕ ಬ್ಲೀಚಿನಲ್ಲಿ ನೆನೆಸಿದರೆ ಬಹುಮಟ್ಟಿಗೆ ಹೋಗುತ್ತದೆ. ‘ಇರೊಉತ್ಸುರಿ’ ಎಂದರೆ ಒಂದು ಬಣ್ಣ ಇನ್ನೊಂದಕ್ಕೆ ಹತ್ತಿದ್ದು. ಕೆಂಪು ಅಥವಾ ಕಪ್ಪು ಬಿಳಿಗೆ ಹತ್ತಿದ್ದರೆ ಕೈ ಬಿಡಿ, ಅದು ಹೋಗುವುದು ಕಷ್ಟ. ‘ಹೊತ್ಸುರೆ’ ದಾರ ಬಿಟ್ಟದ್ದು, ಸೂಜಿ ಹಿಡಿಯಲು ಬಂದರೆ ಹತ್ತು ನಿಮಿಷದ ಕೆಲಸ. ‘ಷಿಮಿ’ ಕಲೆ, ಎಲ್ಲಿ ಎಂದು ಹೇಳದಿದ್ದರೆ ಮುಂಭಾಗದಲ್ಲೇ ಇದೆ ಎಂದುಕೊಳ್ಳಿ. ತಂಬಾಕು, ಸಾಕುಪ್ರಾಣಿ ಮನೆಯಲ್ಲಿಲ್ಲ ಎಂದು ಕೆಲವರು ತಾವಾಗಿಯೇ ಬರೆಯುತ್ತಾರೆ. ಬರೆಯದವರ ಫ್ರಾಕು ನಾರುತ್ತದೆ ಎಂದಲ್ಲ. ಆದರೆ ಒಳಪದರ ಸೇರಿ ಮೂರು ಪದರ ಬಟ್ಟೆಗೆ ಹೊಕ್ಕ ಸಿಗರೇಟು ವಾಸನೆ ಎರಡು ಒಗೆತಕ್ಕೂ ಬಗ್ಗುವುದಿಲ್ಲ.

ಅತಿ ಹೆಚ್ಚು ಜನ ಎಡವುವುದು ಅಳತೆಯಲ್ಲಿ. ಮಾರುವವರು ‘ಮಿಹಾಬಾ 43’ ಎಂದು ಬರೆದಿದ್ದರೆ ಅದು ಫ್ರಾಕನ್ನು ನೆಲಕ್ಕೆ ಹಾಸಿ ಒಂದು ಕಂಕುಳಿಂದ ಇನ್ನೊಂದಕ್ಕೆ ಅಳೆದದ್ದು. ಎದೆ ಸುತ್ತಳತೆ ಅದರ ಎರಡರಷ್ಟು, 86 ಸೆಂಟಿಮೀಟರ್. ‘ಬಸುತೊ’ ಎಂದಿದ್ದರೆ ಪೂರ್ತಿ ಸುತ್ತಳತೆ. ಎರಡನ್ನೂ ಬೆರೆಸಿ ಬರೆಯುವವರೂ ಉಂಟು, ಆಗ ಸಂಖ್ಯೆ ನೋಡಿಯೇ ಊಹಿಸಬೇಕು. ಬೆನ್ನಿಗೆ ಶರ್ರಿಂಗ್ (ಎಲಾಸ್ಟಿಕ್ ಹಾಕಿ ಸುಕ್ಕುಗಟ್ಟಿಸಿದ ಹೊಲಿಗೆ) ಇಲ್ಲದ ಫ್ರಾಕಾದರೆ ನಿಮ್ಮ ಎದೆ ಅಳತೆಗಿಂತ ಕನಿಷ್ಠ 4 ಸೆಂಟಿಮೀಟರ್ ಹೆಚ್ಚಿರಬೇಕು, ಯಾಕೆಂದರೆ ಜೆಎಸ್‌ಕೆಯ ಒಳಗೆ ಬ್ಲೌಸು ಬರುತ್ತದೆ. ಲೋಲಿಬ್ರರಿ ಎಂಬ ದತ್ತಸಂಗ್ರಹದಲ್ಲಿ ಫ್ರಾಕಿನ ಹೆಸರು ಹುಡುಕಿ, ಬ್ರ್ಯಾಂಡು ಕೊಟ್ಟ ಮೂಲ ಅಳತೆಯ ಜೊತೆ ಹೋಲಿಸಿ. ಮಾರುವವರು ಕೊಟ್ಟದ್ದು ಅದಕ್ಕಿಂತ 5-6 ಸೆಂಟಿಮೀಟರ್ ಹೆಚ್ಚಿದ್ದರೆ ಯಾರೋ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿದ್ದಾರೆ, ಇಲ್ಲವೇ ಎಲಾಸ್ಟಿಕ್ ಸತ್ತಿದೆ.

ಆ ಎಲಾಸ್ಟಿಕ್ಕಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಬೆನ್ನಿನ ಫೋಟೊ ದೊಡ್ಡದು ಮಾಡಿ ನೋಡಿ. ಶರ್ರಿಂಗ್ ಚೆನ್ನಾಗಿದ್ದರೆ ಸುಕ್ಕುಗಳು ಒತ್ತೊತ್ತಾಗಿ, ಸಮಾನ ದೂರದಲ್ಲಿ ನಿಂತಿರುತ್ತವೆ. ಸತ್ತಿದ್ದರೆ ಬಟ್ಟೆ ಅಲೆಅಲೆಯಾಗಿ ಜೋತುಬಿದ್ದಿರುತ್ತದೆ, ಸೊಂಟದ ಗೆರೆ ಬಾಗಿರುತ್ತದೆ. ಅಗಲ ಎಲಾಸ್ಟಿಕ್ಕನ್ನು ಕೊಳವೆಯಂಥ ಹೊಲಿಗೆಯೊಳಗೆ ತೂರಿಸಿದ್ದಾದರೆ ಹೆದರಬೇಡಿ: ಒಂದು ತುದಿ ಬಿಚ್ಚಿ ಪಿನ್ನಿಗೆ ಹೊಸದನ್ನು ಸಿಕ್ಕಿಸಿ ಎಳೆದರೆ ಆಯಿತು. ಆದರೆ ಎಲಾಸ್ಟಿಕ್ ದಾರದಿಂದಲೇ ಸಾಲುಸಾಲಾಗಿ ಹೊಲಿದಿದ್ದರೆ ಪ್ರತಿ ಸಾಲನ್ನೂ ಬಿಚ್ಚಿ ಮತ್ತೆ ಹೊಲಿಯಬೇಕು. ಒಳ್ಳೆ ದರ್ಜಿಯೂ ಗೊಣಗುವ ಕೆಲಸ.

ಫ್ರಾಕಿನ ವಯಸ್ಸು ತಿಳಿಯಲು ಒಗೆಯುವ ಸೂಚನೆಯ ಪಟ್ಟಿ ನೋಡಿ. ಜಪಾನ್ 2016ರ ಡಿಸೆಂಬರ್ 1ರಿಂದ ಈ ಚಿಹ್ನೆಗಳನ್ನು ಬದಲಿಸಿತು. ಅದಕ್ಕೆ ಮೊದಲಿನ ಪಟ್ಟಿಯಲ್ಲಿ ಡ್ರೈಕ್ಲೀನ್ ವೃತ್ತದೊಳಗೆ ಕಟಾಕಾನದಲ್ಲಿ ‘ದೊರಾಯ್’ (ಡ್ರೈ) ಎಂದಿರುತ್ತದೆ, ಇಸ್ತ್ರಿಪೆಟ್ಟಿಗೆಯೊಳಗೆ ಕಾಂಜಿ (ಚೀನೀ ಮೂಲದ) ಅಕ್ಷರ. ಹೊಸದರಲ್ಲಿ ವೃತ್ತದೊಳಗೆ ಪಿ ಅಥವಾ ಎಫ್, ಇಸ್ತ್ರಿಯೊಳಗೆ ಚುಕ್ಕಿಗಳು. 2010ರ ಪ್ರಿಂಟಿಗೆ ಹೊಸ ಚಿಹ್ನೆಯ ಪಟ್ಟಿ ಇದ್ದರೆ ಅದು ಮರುಬಿಡುಗಡೆ ಇರಬೇಕು. ಆ ಪ್ರಿಂಟು ಮರುಬಿಡುಗಡೆ ಆಗಿಯೇ ಇಲ್ಲ ಎಂದು ಗೊತ್ತಿದ್ದರೆ ನಕಲಿಯ ಅನುಮಾನ ಪಡಿ. ನಕಲಿಯಲ್ಲಿ ಅಂಚಿನ ಚಿತ್ರ ಬದಿಯ ಹೊಲಿಗೆಯಲ್ಲಿ ಕೂಡುವುದಿಲ್ಲ, ಲೇಸು ತೆಳ್ಳಗೆ ಹೊಳೆಯುತ್ತದೆ, ಬಣ್ಣ ಮೂಲದಂತೆ ಇರುವುದಿಲ್ಲ. ಪಟ್ಟಿಯ ಫೋಟೊ ಇಲ್ಲದೆ ಬ್ರ್ಯಾಂಡಿನ ಜಾಹೀರಾತು ಚಿತ್ರ ಮಾತ್ರ ಹಾಕಿದ್ದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ. ಜಾಹೀರಾತು ಚಿತ್ರಕ್ಕೆ ಇನ್ನೊಂದು ಮೋಸವಿದೆ: ಅದರಲ್ಲಿ ಸೊಂಟದ ರಿಬ್ಬನ್, ಬಿಚ್ಚಿಡಬಹುದಾದ ಬೋ, ತಲೆಯ ಕಚ್ಯೂಷಾ (ಹೇರ್‌ಬ್ಯಾಂಡ್) ಎಲ್ಲ ಇರುತ್ತದೆ, ಮಾರುವುದು ಬರೀ ಫ್ರಾಕು. ‘ಫುಜೊಕುಹಿನ್’, ಅಂದರೆ ಜೊತೆಗೆ ಬರುವ ಸಾಮಾನು, ಪಟ್ಟಿ ಮಾಡಿದ್ದಾರೆಯೇ ನೋಡಿ. ಎರಡು ಸೊಂಟದ ರಿಬ್ಬನ್‌ನಲ್ಲಿ ಒಂದು ಕಳೆದಿದ್ದರೆ ಅದೇ ಬಟ್ಟೆ ಮತ್ತೆಲ್ಲೂ ಸಿಗದು.

ಇನ್ನು ದುಡ್ಡು. ಮೆರ್ಕಾರಿಯ ಬೆಲೆಯಲ್ಲಿ ಜಪಾನಿನೊಳಗಿನ ಸಾಗಣೆ ಹೆಚ್ಚಾಗಿ ಸೇರಿಯೇ ಇರುತ್ತದೆ. ಮಾರುವವರು ಮೆರ್ಕಾರಿಗೆ ಶೇಕಡಾ 10 ಕೊಡುವುದರಿಂದ ಅದೂ ಬೆಲೆಯೊಳಗೇ ಅಡಗಿರುತ್ತದೆ. ಪ್ರಾಕ್ಸಿಯ ಶುಲ್ಕ ಸಾಮಾನ್ಯವಾಗಿ ವಸ್ತುವಿಗಿಷ್ಟು ಎಂದು ಕೆಲವು ನೂರು ಯೆನ್. 15,000 ಯೆನ್ ಫ್ರಾಕಿಗೆ ಅದು ಲೆಕ್ಕಕ್ಕಿಲ್ಲ, 600 ಯೆನ್ ತಲೆಯ ಬೋಗೆ ಅದೇ ಭಾರ. ಸಣ್ಣ ಸಾಮಾನನ್ನು ಒಬ್ಬರೇ ಮಾರುವವರು ಕಟ್ಟಿ ಒಟ್ಟಾಗಿ ಹಾಕಿದ್ದರಷ್ಟೇ ಕೊಳ್ಳಿ.

ದೊಡ್ಡ ಏಟು ಬೀಳುವುದು ಹೊರದೇಶದ ಸಾಗಣೆಯಲ್ಲಿ. ಒಂದು ಜೆಎಸ್‌ಕೆ ಸುಮಾರು 700 ಗ್ರಾಂನಿಂದ 1.2 ಕಿಲೋ ತೂಗುತ್ತದೆ. ಜಪಾನ್ ಅಂಚೆಯ ಇಎಂಎಸ್ ಎಂಬ ವೇಗದ ಅಂಚೆ ನಿಜವಾದ ತೂಕಕ್ಕೆ ದರ ಹಾಕುತ್ತದೆ. ಖಾಸಗಿ ಕೊರಿಯರ್‌ಗಳು ಗಾತ್ರವನ್ನೂ ಎಣಿಸುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವ ಕಿಲೋ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ. ಮಡಚಿದ ಫ್ರಾಕಿನ 35×28×10ರ ಪೆಟ್ಟಿಗೆ 1.96 ಕಿಲೋ ಆಗುತ್ತದೆ, ಸಹಿಸಬಹುದು. ಅರ್ಧ ಕಿಲೋದ ಪೆಟಿಕೋಟನ್ನು ಉಬ್ಬಿಸಿಯೇ 40×40×30ರ ಪೆಟ್ಟಿಗೆಯಲ್ಲಿ ಇಟ್ಟರೆ 9.6 ಕಿಲೋ! ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ. ಪೆಟಿಕೋಟಿಗೆ ಸೊನ್ನೆ ಕೊಟ್ಟದ್ದು ಅದಕ್ಕೆ, ಜೊತೆಗೆ ಬಳಸಿದ ಪೆಟಿಕೋಟಿನ ಟ್ಯೂಲ್ (ಬಲೆಯಂಥ ಬಟ್ಟೆ) ಸೊರಗಿಹೋಗಿರುತ್ತದೆ. ತರಲೇಬೇಕು ಎಂದಿದ್ದರೆ ಗಾಳಿ ತೆಗೆದ ಚೀಲಕ್ಕೆ ಹಾಕಿಸಿ ಇಎಂಎಸ್‌ನಲ್ಲಿ ತರಿಸಿ.

ಎರಡು ಮೂರು ಫ್ರಾಕು ಸೇರಿದ ಮೇಲೆ ಒಟ್ಟಿಗೆ ಕಳಿಸುವುದು ಲಾಭ, ಆದರೆ ಪ್ರಾಕ್ಸಿಯ ಗೋದಾಮಿನಲ್ಲಿ ಉಚಿತ ದಾಸ್ತಾನಿನ ದಿನಗಳನ್ನು ಎಣಿಸಿಕೊಂಡಿರಿ. ನಿಮ್ಮ ದೇಶದ ಸುಂಕದ ಮಿತಿಯನ್ನೂ ನೋಡಿ. ಮೂರು ಸೇರಿ ಮಿತಿ ದಾಟಿದರೆ ಸಾಗಣೆಯಲ್ಲಿ ಉಳಿದದ್ದು ಸುಂಕಕ್ಕೆ ಹೋಗುತ್ತದೆ. ಉಡುಗೊರೆ ಎಂದು ಬರೆಯಿಸುವ ಆಸೆ ಬೇಡ. ಅದು ಕಾನೂನಿಗೆ ವಿರುದ್ಧ, ಪೆಟ್ಟಿಗೆ ಕಳೆದರೆ ಪರಿಹಾರವೂ ಬರೆದ ಬೆಲೆಯನ್ನು ಮೀರುವುದಿಲ್ಲ. ಸುಗಂಧ, ಉಗುರುಬಣ್ಣ, ವಿಗ್ ಸ್ಪ್ರೇ ಬುಟ್ಟಿಗೆ ಸೇರಿಸಬೇಡಿ. ಉರಿಯುವ ವಸ್ತುವೆಂದು ವಿಮಾನ ಅಂಚೆಗೆ ನಿಷೇಧ, ಅವುಗಳಿಂದಾಗಿ ಇಡೀ ಪೆಟ್ಟಿಗೆ ನಿಲ್ಲುತ್ತದೆ.

ಶೂಗೆ ಒಂದೇ ಅಂಕ ಯಾಕೆ? ಈ ಶೈಲಿಯ ಶೂಗಳು ಹೆಚ್ಚಿನವು ಕೃತಕ ಚರ್ಮ. ಪಾಲಿಯುರೆಥೇನ್ ಗಾಳಿಯ ತೇವದಿಂದ ಒಳಗೊಳಗೇ ಒಡೆಯುತ್ತದೆ, ಪೆಟ್ಟಿಗೆಯಲ್ಲೇ ಇಟ್ಟಿದ್ದರೂ ಸರಿ. ಫೋಟೊದಲ್ಲಿ ಫಳಫಳ ಹೊಳೆಯುವುದು ಎರಡನೇ ಸಲ ಹಾಕಿದಾಗ ಸಿಪ್ಪೆ ಏಳುತ್ತದೆ. ಬ್ಲೌಸಿನ ತೊಂದರೆ ಬೇರೆ: ಭುಜದ ಅಳತೆ ಸರಿಪಡಿಸಲು ಬರುವುದಿಲ್ಲ, ಕುತ್ತಿಗೆ ಪಟ್ಟಿಯ ಬೆವರಿನ ಕಲೆ ಫೋಟೊದಲ್ಲಿ ಕಾಣುವುದಿಲ್ಲ.

ವೇಗದ ವಿಷಯದಲ್ಲಿ ಪ್ರಾಕ್ಸಿಗಳಲ್ಲಿ ಎರಡು ಜಾತಿ. ಗುಂಡಿ ಒತ್ತಿದ ಕೂಡಲೇ ತಾನೇ ಕೊಳ್ಳುವ ವ್ಯವಸ್ಥೆ ಒಂದು, ಜಪಾನಿನ ಕಚೇರಿ ವೇಳೆಯಲ್ಲಿ ಯಾರೋ ಕೂತು ಕೊಳ್ಳುವುದು ಇನ್ನೊಂದು. ಒಳ್ಳೆ ಪ್ರಿಂಟು ಕೆಲವೇ ನಿಮಿಷದಲ್ಲಿ ಹೋಗುತ್ತದೆ, ಎರಡನೆಯ ಜಾತಿಯದನ್ನು ನೆಚ್ಚಿದರೆ ಕೈಗೆ ಬಂದದ್ದು ಬಾಯಿಗೆ ಬರುವುದಿಲ್ಲ. ಆತುರವಿಲ್ಲದವರು, ಅಳತೆಯ ಬಗ್ಗೆ ಧೈರ್ಯ ಸಾಲದವರು ಕ್ಲೋಸೆಟ್ ಚೈಲ್ಡ್‌ನಂಥ ಈ ಶೈಲಿಗೇ ಮೀಸಲಾದ ಹಳೆ ಉಡುಪಿನ ಅಂಗಡಿಗಳನ್ನು ಮೊದಲು ನೋಡಲಿ: ಬೆಲೆ ತುಸು ಹೆಚ್ಚಾದರೂ ಅಳೆದು ಬರೆಯುವವರು ದಿನಾ ಅದೇ ಕೆಲಸದವರು.

ಪೆಟ್ಟಿಗೆ ಬಂದ ದಿನ ಬಿಚ್ಚುವುದನ್ನು ವಿಡಿಯೊ ಮಾಡಿಕೊಳ್ಳಿ, ಸಾಗಣೆಯಲ್ಲಿ ಹಾಳಾಗಿದ್ದರೆ ಪರಿಹಾರ ಕೇಳಲು ಬೇಕಾಗುತ್ತದೆ. ಹೊರಪೆಟ್ಟಿಗೆಯನ್ನೂ ಎಸೆಯಬೇಡಿ. ಫ್ರಾಕನ್ನು ಎರಡು ದಿನ ನೆರಳಲ್ಲಿ ಗಾಳಿಗೆ ಹಾಕಿ. ಒಗೆಯುವ ಮೊದಲು ಒಳಹೊಲಿಗೆಯ ಅಂಚಿಗೆ ಒದ್ದೆ ಬಿಳಿ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆಗೆ ಗುಲಾಬಿ ಇಳಿದರೆ ನೀರಿಗೆ ಹಾಕಬೇಡಿ, ಡ್ರೈಕ್ಲೀನಿಗೆ ಕೊಡಿ. ಏನೂ ಇಳಿಯದಿದ್ದರೆ ಬೋಗಳನ್ನು ಬಿಚ್ಚಿ ಬದಿಗಿಟ್ಟು, ತಣ್ಣೀರಿನಲ್ಲಿ ಐದು ನಿಮಿಷ, ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ತೆಗೆದು, ಮಟ್ಟಸವಾಗಿ ಹಾಸಿ ಒಣಗಿಸಿ. ತೂಗುಹಾಕಿದರೆ ಒದ್ದೆ ಬಟ್ಟೆಯ ಭಾರಕ್ಕೆ ಶರ್ರಿಂಗ್ ಎಳೆಯುತ್ತದೆ.