ಹಳೇ ಮಾರುತಿಯ ಎಸಿ ತೆಗೆಸುವುದು: ಬೆಲ್ಟ್ ಮಾತ್ರವೋ, ಅರ್ಧವೋ, ಪೂರ್ತಿಯೋ?

ತೆಗೆಸುವುದಾದರೆ ಪೂರ್ತಿ ತೆಗೆಸಿ. ಆದರೆ ಎಸಿ ಇಲ್ಲದ ಮಾಡೆಲ್ಲಿನ ಡಕ್ಟ್, ಅಂದರೆ ಗಾಳಿ ಹೋಗುವ ಕೊಳವೆ, ಕೈಗೆ ಸಿಗುವವರೆಗೆ ಡ್ಯಾಶ್‌ಬೋರ್ಡ್ ಬಿಚ್ಚಿಸಬೇಡಿ.

ನನ್ನದು 1993ರ ಮಾರುತಿ 800. ಪುಣೆಯಲ್ಲಿ ಭಾನುವಾರದ ಓಡಾಟ, ರಜೆಯಲ್ಲಿ ಧಾರವಾಡ. ಒಳಗಿನ ಗಾಳಿಯನ್ನು ತಂಪು ಮಾಡುವ ಜಾಲರಿ ಎವಾಪರೇಟರ್. ಮೂವತ್ತು ವರ್ಷ ದಾಟಿದ ಅದು ಸೋರದೆ ಇನ್ನೇನು ಮಾಡೀತು? ರಿಪೇರಿಯನ್ನೂ ವಿಚಾರಿಸಿದ್ದೆ. ಒಳಗಿದ್ದದ್ದು ಆರ್-12 ಗ್ಯಾಸ್. ಓಝೋನ್ ಪದರಕ್ಕೆ ಹಾನಿಯೆಂದು ಮಾಂಟ್ರಿಯಲ್ ಒಪ್ಪಂದದಂತೆ 2010ರ ಹೊತ್ತಿಗೆ ನಮ್ಮಲ್ಲೂ ಅದರ ತಯಾರಿಕೆ ನಿಂತಿತು. ಅದರ ಬದಲಿಗೆ ಬಂದ ಆರ್-134ಎ ಗ್ಯಾಸಿಗೆ ಬದಲಿಸಬೇಕೆಂದರೆ ಹೊಸ ಆಯಿಲ್, ಗ್ಯಾಸಿನ ತೇವ ಹೀರುವ ಡ್ರೈಯರ್, ಓ-ರಿಂಗ್, ಮೇಲೆ ಎವಾಪರೇಟರ್. ಎಸ್ಟಿಮೇಟ್ ಕೇಳಿ ಎದ್ದು ಬಂದೆ.

ಮೊದಲು ಗ್ಯಾಸ್ ಒತ್ತುವ ಪಂಪು, ಅಂದರೆ ಕಂಪ್ರೆಸರನ್ನು ತಿರುಗಿಸುವ ಬೆಲ್ಟ್ ಮಾತ್ರ ಕಳಚಿ ಓಡಿಸಿದೆ. ಖರ್ಚಿಲ್ಲ, ಲಾಭವೂ ಇಲ್ಲ. ಎಸಿ ಆಫ್ ಇದ್ದಾಗ ಕಂಪ್ರೆಸರಿನ ಪುಲ್ಲಿ ಹೇಗೂ ಸುಮ್ಮನೆ ತಿರುಗುತ್ತಿರುತ್ತದೆ, ಇಂಜಿನ್ನಿಗೆ ಅದರ ಹೊರೆ ಅಷ್ಟಕ್ಕಷ್ಟೆ.

ಆಮೇಲೆ ಅರ್ಧ: ಕಂಪ್ರೆಸರ್, ರೇಡಿಯೇಟರಿನ ಮುಂದೆ ನಿಂತು ಗ್ಯಾಸಿನ ಬಿಸಿ ಕಳೆಯುವ ಕಂಡೆನ್ಸರ್, ಪೈಪುಗಳು ಹೊರಗೆ, ಡ್ಯಾಶ್ ಕೆಳಗಿನ ಎವಾಪರೇಟರ್ ಡಬ್ಬ ಹಾಗೇ. ಕಂಡೆನ್ಸರ್ ಅಡ್ಡ ಇಲ್ಲದ ಮೇಲೆ ರೇಡಿಯೇಟರಿಗೆ ನೇರ ಗಾಳಿ. ಖಂಬಾಟಕಿ ಘಾಟಿನಲ್ಲಿ ಟೆಂಪರೇಚರ್ ಮುಳ್ಳು ಮೊದಲಿನಂತೆ ಹೆದರಿಸುವುದಿಲ್ಲ. ಹೀಟರಿಗೂ ಏನೂ ಆಗಲಿಲ್ಲ. ಅವಸರದವರಿಗೆ ಇಷ್ಟು ಸಾಕು. ನನಗೆ ಆಗದಿದ್ದದ್ದು ವಾಸನೆ. ಎವಾಪರೇಟರಿನ ಸಂದುಗಳಲ್ಲಿ ಕೂತ ಧೂಳು ಮಳೆಗಾಲದ ತೇವಕ್ಕೆ ಒದ್ದೆ ಗೋಣಿಚೀಲದಂತೆ ನಾರುತ್ತಿತ್ತು. ಗಾಳಿಯೂ ಕುಂಟುತ್ತ ಬರುತ್ತಿತ್ತು.

ಇನ್ನು ಪೂರ್ತಿ ತೆಗೆಸುವುದು. ತಲೆನೋವು ಇರುವುದು ಇಲ್ಲೇ. ಈ ಕಾರಿನಲ್ಲಿ ಎಡಕ್ಕೆ ಬ್ಲೋವರ್, ನಡುವೆ ಹೀಟರ್. ಎವಾಪರೇಟರ್ ಡಬ್ಬ ಇವೆರಡರ ಮಧ್ಯೆ ಕೂತಿರುತ್ತದೆ. ಬ್ಲೋವರಿನ ಗಾಳಿ ಅದನ್ನು ಹಾದೇ ಹೀಟರಿಗೆ ಹೋಗಬೇಕು. ಡಬ್ಬ ಕಿತ್ತರೆ ಅಲ್ಲೊಂದು ಕಿಂಡಿ. ಬ್ಲೋವರ್ ಭರ್ರೆನ್ನುತ್ತದೆ, ಗಾಳಿಯೆಲ್ಲ ಪಕ್ಕದಲ್ಲಿ ಕೂತವರ ಮೊಣಕಾಲಿಗೆ. ಗಾಜಿಗೆ ಒಂದು ಉಸಿರೂ ಇಲ್ಲ. ಎಸಿ ಇಲ್ಲದ ಮಾಡೆಲ್ಲಿನಲ್ಲಿ ಆ ಜಾಗಕ್ಕೆ ಕಪ್ಪು ಪ್ಲಾಸ್ಟಿಕ್ಕಿನ ಸಾದಾ ಡಕ್ಟ್ ಇರುತ್ತದೆ. ಹೊಸದು ಅಂಗಡಿಯಲ್ಲಿ ಸಿಗಲಿಲ್ಲ.

ನಾನಾ ಪೇಠೆಯಲ್ಲಿ ಹುಡುಕುತ್ತಿದ್ದಾಗ ಇಂಡಿ ಕಡೆಯ ಮೆಕ್ಯಾನಿಕ್ ಒಬ್ಬರು, "ಸಾಹೇಬ್ರ, ಪುಣೇದಾಗ ಹೀಟರ್ ಯಾತಕ್ಕ ಬೇಕ್ರೀ? ಅದನ್ನೂ ತಗದ್ ಬಿಡೂಣು" ಅಂದರು. ಡಿಸೆಂಬರಿನಲ್ಲಿ ನಸುಕಿಗೇ ಮಹಾಬಳೇಶ್ವರದ ದಾರಿ ಹಿಡಿಯುವವನು ನಾನು, ಒಪ್ಪಲಿಲ್ಲ. ಹಾಗಿದ್ದರೆ ಅಂತ ತಗಡಿನಲ್ಲೇ ಒಂದು ಡಕ್ಟ್ ಬಡಿದು ಕೂರಿಸಿಕೊಟ್ಟರು. ಕೆಲಸ ಮಾಡಿತು, ಆದರೆ ಹಂಪು ಬಂದಾಗಲೆಲ್ಲ ಗಡಗಡ. ಕೊನೆಗೆ ಅಸಲಿ ಡಕ್ಟ್ ಸಿಕ್ಕಿದ್ದು ಮುಂಬಯಿಯ ಕುರ್ಲಾದ ಗುಜರಿಯಲ್ಲಿ, ಗುದ್ದಿಸಿಕೊಂಡ ಒಂದು ಕಾರಿನ ಹೊಟ್ಟೆಯೊಳಗೆ. ಎರಡೂ ತುದಿಯ ಹಳೇ ಸ್ಪಂಜು ಮುಟ್ಟಿದರೆ ಪುಡಿಯಾಗುತ್ತಿತ್ತು. ಅದನ್ನು ಕೆರೆದು ಹೊಸ ಫೋಮ್ ಪಟ್ಟಿ ಅಂಟಿಸಿದ ಮೇಲೆಯೇ ಗಾಳಿ ಸೋರುವುದು ನಿಂತಿತು.

ಮಿಕ್ಕದ್ದೆಲ್ಲ ಸಣ್ಣದು. ಎಸಿ ಹಾಕಿದಾಗ ಐಡಲ್, ಅಂದರೆ ನಿಂತ ಕಾರಿನ ಇಂಜಿನ್ ವೇಗ, ಏರಿಸುವ ವಾಲ್ವಿನ ವ್ಯಾಕ್ಯೂಮ್ ನಳಿಗೆ ಬಿರಡೆ ಹಾಕಿಸಿ, ಇಲ್ಲವಾದರೆ ಇಂಜಿನ್ ತಡವರಿಸುತ್ತದೆ. ಪೈಪು ಬಂದ ತೂತುಗಳನ್ನು ಮುಚ್ಚಿಸಿ. ಇಂಜಿನ್ ಹೊಗೆಗೂ ಇಲಿಗೂ ಅದೇ ದಾರಿ. ಕ್ಲಿಪ್ ಹಾಕಿದ ರಬ್ಬರ್ ಹೋಸ್‌ಗಳು ಹೀಟರಿನವು, ಅವನ್ನು ಯಾರಿಗೂ ಮುಟ್ಟಗೊಡಬೇಡಿ. ಗ್ಯಾಸ್ ಉಳಿದಿದ್ದರೆ ಗಾಳಿಗೆ ಬಿಡಿಸಬೇಡಿ, ಮೆಷಿನ್ನಿನಲ್ಲಿ ಎಳೆಸಿ.

ಎಸಿಯ ನೆನಪು ಬರುವುದು ಜುಲೈನಲ್ಲಿ, ತಾಮ್ಹಿಣಿ ಘಾಟಿನಲ್ಲಿ. ಗಾಜಿನ ಮಂಜು ಹೀಟರಿಗೂ ಹೋಗುತ್ತದೆ, ಆದರೆ ಒಳಗೆ ಕೂತವರು ಬೆವರಬೇಕು. ಎಸಿ ಗಾಳಿಯ ತೇವ ಹೀರಿ ಅದನ್ನೇ ತಣ್ಣಗೆ ಮಾಡುತ್ತಿತ್ತು. ಮುಂಬಯಿಯಲ್ಲೋ ಗೋವೆಯಲ್ಲೋ ಇದ್ದಿದ್ದರೆ ಸಾಲ ಮಾಡಿಯಾದರೂ ರಿಪೇರಿ ಮಾಡಿಸುತ್ತಿದ್ದೆ. ಮನೆಯಲ್ಲಿ ಎಸಿ ಇರುವ ಇನ್ನೊಂದು ಕಾರಿದೆ, ಏಪ್ರಿಲ್-ಮೇ ತಿಂಗಳಲ್ಲಿ ಹಳೆಯದನ್ನು ನಾನು ಮಧ್ಯಾಹ್ನ ಹೊರಗೆ ತೆಗೆಯುವುದೇ ಇಲ್ಲ. 796 ಸಿಸಿಯ ಪುಟ್ಟ ಇಂಜಿನ್ ಈಗ ತನ್ನ ಪಾಡಿಗೆ ತಾನು ಓಡಿಕೊಂಡಿದೆ.

ಕಂಪ್ರೆಸರಿಗೆ ಗಿರಾಕಿ ಇದ್ದಾರೆ, ರೇಟು ಇನ್ನೂ ಕುದುರಿಲ್ಲ.