ದಕ್ಷಿಣ ದ್ವೀಪಕ್ಕೆ ಇಬ್ಬರೇ ಹೊರಟರೆ: ಪುಟ್ಟ ವ್ಯಾನೋ, ಎತ್ತರದ ವ್ಯಾನೋ, ಕಾರು-ಕ್ಯಾಬಿನ್ನೋ?

ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ನಾನೂ ನಮ್ಮವರೂ ಬೇರೆ ಬೇರೆ ರೀತಿಯಲ್ಲಿ ಸುತ್ತಿದ್ದೇವೆ. ಹಿಂದೆ ಹಾಸಿಗೆ ಹಾಕಿದ ಪುಟ್ಟ ವ್ಯಾನಿನಲ್ಲಿ, ಒಳಗೇ ಟಾಯ್ಲೆಟ್ಟು-ಶವರ್ ಇರುವ ಎತ್ತರದ ವ್ಯಾನಿನಲ್ಲಿ, ಸಾದಾ ಕಾರು ಬಾಡಿಗೆಗೆ ಹಿಡಿದು ರಾತ್ರಿಗೆ ಕ್ಯಾಬಿನ್ ಅನ್ನುವ ಪುಟ್ಟ ಮನೆಗಳಲ್ಲಿ ತಂಗಿ. ಊರಿನಿಂದ ಹೊರಡುವ ಗಂಡ-ಹೆಂಡಿರು ಕೇಳಿದಾಗಲೆಲ್ಲ ನಾನು ಹೇಳುವ ಮಾತು ಒಂದೇ. ಬಿಸಿಲಿನ ಫೋಟೋ ನೋಡಿ ಗಾಡಿ ಆರಿಸಬೇಡಿ, ಮಳೆ ಹಿಡಿದ ಸಂಜೆಯನ್ನು ನೆನೆದು ಆರಿಸಿ. ಆರು ಗಂಟೆಗೆ ಗಾಡಿ ನಿಲ್ಲಿಸಿದ ಮೇಲೆ ಮಲಗುವ ತನಕ ಇಬ್ಬರೂ ಎಲ್ಲಿ ಕೂರುತ್ತೀರಿ? ಅನ್ನ ಎಲ್ಲಿ ಬೇಯುತ್ತದೆ? ಒಬ್ಬರು ಬಟ್ಟೆ ಬದಲಿಸುವಾಗ ಇನ್ನೊಬ್ಬರು ಎಲ್ಲಿರುತ್ತೀರಿ?

ಮಳೆಯ ಮಾತು ಸುಮ್ನೆ ಎತ್ತಿದ್ದಲ್ಲ. ದ್ವೀಪದ ಉದ್ದಕ್ಕೂ ಸದರ್ನ್ ಆಲ್ಪ್ಸ್ ಬೆಟ್ಟಸಾಲು ನಿಂತಿದೆ. ಟಾಸ್ಮನ್ ಸಮುದ್ರದ ಮೇಲಿಂದ ಬರುವ ಮೋಡ ಪಶ್ಚಿಮದ ಮಗ್ಗುಲಲ್ಲೇ ಸುರಿದುಬಿಡುತ್ತದೆ. ನಮ್ಮಲ್ಲಿ ಆಗುಂಬೆಯಲ್ಲಿ ಸುರಿದ ಮೋಡ ಚಳ್ಳಕೆರೆ ಮುಟ್ಟುವಷ್ಟರಲ್ಲಿ ಒಣಗಾಳಿ ಆಗಿರುತ್ತದಲ್ಲ, ಹಾಗೆಯೇ. ಪಶ್ಚಿಮದಲ್ಲಿ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕವಲು ಮಿಲ್‌ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ 6000 ಮಿ.ಮೀ.ಗಿಂತ ಜಾಸ್ತಿ ಮಳೆ. ಬೆಟ್ಟದ ಈಚೆ, ಪೂರ್ವದ ಟೆಕಾಪೊದಲ್ಲಿ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಹಾಗಾಗಿ ಯಾವ ವ್ಯಾನ್ ಒಳ್ಳೆಯದು ಅನ್ನುವುದಕ್ಕೆ ಮೊದಲು ಬೆಟ್ಟದ ಯಾವ ಕಡೆ ಜಾಸ್ತಿ ರಾತ್ರಿ ಕಳೆಯುತ್ತೀರಿ ಅಂತ ನೋಡಬೇಕು.

ಪುಟ್ಟ ವ್ಯಾನಿನಿಂದ ಶುರುಮಾಡುತ್ತೇನೆ. ಹಳೆಯ ಟೊಯೊಟಾ ವ್ಯಾನಿನ ಹಿಂದಿನ ಸೀಟು ತೆಗೆದು, ಮರದ ಹಲಗೆ, ಫೋಮ್ ಹಾಸಿಗೆ, ಪರದೆ ಹಾಕಿರುತ್ತಾರೆ. ಹಿಂಬಾಗಿಲು ಎತ್ತಿದರೆ ಅದರಡಿ ಒಂದು ಒಲೆ, ಪುಟ್ಟ ಸಿಂಕು, ಪಾತ್ರೆ ಡಬ್ಬ. ಬಾಡಿಗೆ ಕಡಿಮೆ. ಓಡಿಸುವುದು ಕಾರು ಓಡಿಸಿದಷ್ಟೇ ಸಲೀಸು. ಅಲ್ಲಿಯೂ ರಸ್ತೆಯ ಎಡಕ್ಕೇ ಓಡಿಸುವುದರಿಂದ ನಮಗೆ ಕೈ ಬೇಗ ಕೂರುತ್ತದೆ. ವಾನಕಾದಿಂದ ಕ್ವೀನ್ಸ್‌ಟೌನ್‌ಗೆ ಹೋಗುವ ಕ್ರೌನ್ ರೇಂಜ್ ರಸ್ತೆ ಸಾವಿರ ಮೀಟರ್‌ಗೂ ಮೇಲೆ ಹತ್ತುತ್ತದೆ. ಕ್ವೀನ್ಸ್‌ಟೌನ್ ಕಡೆ ಇಳಿಯುವಾಗ ಒಂದರ ಹಿಂದೊಂದು ಹೇರ್‌ಪಿನ್ ತಿರುವು. ಪುಟ್ಟ ವ್ಯಾನಿನಲ್ಲಿ ಅದು ಖುಷಿಯ ದಾರಿ. ಎತ್ತರದ ವ್ಯಾನಿನಲ್ಲಾದರೆ ನಾನು ಕ್ರಾಮ್‌ವೆಲ್ ಮೇಲೆ ಸುತ್ತಿಕೊಂಡೇ ಬರುತ್ತೇನೆ.

ಈ ವ್ಯಾನಿಗೆ ಹೇಳಿ ಮಾಡಿಸಿದ ಜಾಗ ಮೆಕೆಂಜಿ ಬಯಲು. ಕ್ರೈಸ್ಟ್‌ಚರ್ಚ್‌ನಿಂದ ಮೂರು ಗಂಟೆ ಓಡಿಸಿದರೆ ಟೆಕಾಪೊ. ಕೆರೆಯ ನೀರು ಹಾಲು ಬೆರೆಸಿದ ನೀಲಿ. ಹಿಮನದಿ ಅರೆದ ಕಲ್ಲಿನ ಪುಡಿ ನೀರಿನಲ್ಲಿ ತೇಲುವುದರಿಂದ ಆ ಬಣ್ಣ. ದಡದಲ್ಲಿ 1935ರಲ್ಲಿ ಕಟ್ಟಿದ ಪುಟ್ಟ ಕಲ್ಲಿನ ಚರ್ಚು. 2012ರಲ್ಲಿ ಈ ಸೀಮೆಯನ್ನು ಕತ್ತಲ ಆಕಾಶದ ಮೀಸಲು ಪ್ರದೇಶ ಎಂದು ಸಾರಿದ್ದಾರೆ, ಬೀದಿದೀಪಕ್ಕೂ ಕಟ್ಟುನಿಟ್ಟು. ಹಿಂಬದಿಯ ಪರದೆ ಸರಿಸಿ ಮಲಗಿದರೆ ಆಕಾಶಗಂಗೆ ಹಾಸಿಗೆಯಿಂದಲೇ ಕಾಣುತ್ತದೆ. ಎತ್ತರದ ವ್ಯಾನಿನಲ್ಲೂ ಕಿಟಕಿ ಇದೆ, ಆದರೆ ಬಯಲಿಗೆ ಇಷ್ಟು ಹತ್ತಿರ ಮಲಗಿದ ಹಾಗೆ ಅನಿಸುವುದಿಲ್ಲ. ಒಣ ಸಂಜೆಯಲ್ಲಿ ಹಿಂಬಾಗಿಲಡಿ ನಿಂತು ಒಬ್ಬರು ಈರುಳ್ಳಿ ಹೆಚ್ಚುತ್ತಾ, ಒಬ್ಬರು ಒಗ್ಗರಣೆ ಹಾಕುತ್ತಾ ಮಾಡಿದ ಚಿತ್ರಾನ್ನದ ರುಚಿಗೆ ಸಾಟಿಯಿಲ್ಲ.

ಅದೇ ವ್ಯಾನನ್ನು ಹಾಸ್ಟ್ ಪಾಸ್ ಅನ್ನುವ ಬೆಟ್ಟದ ದಾರಿ ದಾಟಿಸಿ ಪಶ್ಚಿಮಕ್ಕೆ ಒಯ್ಯಿರಿ. ಪಾಸ್ ಬರೀ 560 ಮೀಟರ್ ಆಸುಪಾಸು, ಏರಿದ್ದೇ ಗೊತ್ತಾಗುವುದಿಲ್ಲ. ಆದರೆ ಆಚೆಗೆ ಇಳಿಯುತ್ತಿದ್ದಂತೆ ಕಾಡಿನ ಹಸಿರು ಗಾಢವಾಗುತ್ತದೆ, ವೈಪರ್ ಓಡಲು ಶುರುವಾಗುತ್ತದೆ. ದಾರಿಯಲ್ಲಿ ಪ್ಲೆಸೆಂಟ್ ಫ್ಲಾಟ್ ಅಂತ ಸರ್ಕಾರಿ ಕ್ಯಾಂಪ್‌ಸೈಟ್ ಇದೆ, ಸುತ್ತ ಬೆಟ್ಟ, ಪಕ್ಕದಲ್ಲಿ ನದಿ. ಮಳೆ ಹಿಡಿದರೆ ಅಲ್ಲಿ ಪುಟ್ಟ ವ್ಯಾನಿನ ಬದುಕು ಹೀಗೆ: ಒಲೆ ಹೊರಗೆ, ಹಾಗಾಗಿ ಅಡುಗೆ ಮಾಡುವವರ ಬೆನ್ನು ನೆನೆಯುತ್ತದೆ. ಬಾಗಿಲು ತೆರೆದಷ್ಟು ಹೊತ್ತೂ ಸ್ಯಾಂಡ್‌ಫ್ಲೈ ಒಳಗೆ ನುಗ್ಗುತ್ತವೆ. ಸೊಳ್ಳೆಗಿಂತ ಚಿಕ್ಕವು, ಕಚ್ಚಿದರೆ ತುರಿಕೆ ಕೆಲವು ದಿನ ಬಿಡುವುದಿಲ್ಲ. ಒಳಗೆ ಬೆನ್ನು ನೆಟ್ಟಗೆ ಮಾಡಿ ಕೂರಲು ಆಗುವುದಿಲ್ಲ. ಒದ್ದೆ ಜಾಕೆಟ್ ಹಾಸಿಗೆಯ ಮೇಲೇ. ರಾತ್ರಿ ಟಾಯ್ಲೆಟ್‌ಗೆ ಟಾರ್ಚ್ ಹಿಡಿದು ಓಡಬೇಕು, ಒಬ್ಬರು ಎದ್ದರೆ ಇನ್ನೊಬ್ಬರಿಗೂ ಎಚ್ಚರ. "ರೀ, ಸ್ವಲ್ಪ ಆ ಕಡೆ ಸರೀರಿ" ಅಂತ ಹೇಳಿದಷ್ಟು ಸಲ ಬೇರೆ ಮಾತೇ ಆಡಿರುವುದಿಲ್ಲ. ಒಂದು ರಾತ್ರಿಯಾದರೆ ನಡೆಯುತ್ತದೆ. ಸತತ ರಾತ್ರಿಗಳಾದರೆ ಇಬ್ಬರ ಮುಖವೂ ಗಂಟಾಗುತ್ತದೆ, ನೋಡಲು ಬಂದ ಬೆಟ್ಟ ಯಾರಿಗೂ ಬೇಡವಾಗುತ್ತದೆ.

ಎತ್ತರದ ವ್ಯಾನ್ ಗೆಲ್ಲುವುದು ಇಲ್ಲೇ. ಮರ್ಸಿಡಿಸ್ ಸ್ಪ್ರಿಂಟರ್, ಫೋಕ್ಸ್‌ವ್ಯಾಗನ್ ಕ್ರಾಫ್ಟರ್ ತರಹದ ಗಾಡಿಗಳು. ಒಳಗೆ ನೆಟ್ಟಗೆ ನಿಲ್ಲಬಹುದು. ಇಷ್ಟೇ ಸಾಕು ನೋಡಿ, ಸಂಜೆಯ ಸ್ವರೂಪವೇ ಬದಲಾಗುತ್ತದೆ. ಹೊರಗೆ ಮಳೆ ಧೋ ಅಂತ ಸುರಿಯುತ್ತಿದ್ದರೂ ಒಬ್ಬರು ನಿಂತು ಸಾರು ಕುದಿಸುತ್ತಾರೆ, ಇನ್ನೊಬ್ಬರು ಮೇಜಿನ ಮೇಲೆ ನಾಳೆಯ ದಾರಿ ಹರಡಿಕೊಂಡು ಕೂರುತ್ತಾರೆ. ಡೀಸೆಲ್ ಹೀಟರ್ ಇದ್ದರೆ ಬೆಳಗ್ಗೆ ಎದ್ದಾಗ ಕಾಲು ಸೆಟೆದಿರುವುದಿಲ್ಲ. ಬುಕ್ ಮಾಡುವಾಗ ಹಾಸಿಗೆ ಹೇಗಿದೆ ಅಂತ ಖಂಡಿತ ಕೇಳಿ. ಹಗಲು ಸೋಫಾ, ರಾತ್ರಿ ಹಾಸಿಗೆ ಆಗುವ ತರಹದ್ದು ನೋಡಲು ಚೆಂದ, ಆದರೆ ಒಬ್ಬರಿಗೆ ಬೇಗ ನಿದ್ದೆ ಬರುವ ಮನೆಗಳಲ್ಲಿ ಅದು ಕಷ್ಟ. ಇನ್ನೊಬ್ಬರಿಗೆ ಕೂರಲು ಜಾಗವೇ ಉಳಿಯುವುದಿಲ್ಲ. ಹಿಂದೆ ಹಾಸಿಗೆ ಹಾಗೇ ಇರುವ ಮಾದರಿ ನಮಗೆ ತುಂಬಾ ಹಿಡಿಸಿತು.

ಒಳಗೇ ಅಡುಗೆ ಅಂದರೆ ನಮ್ಮ ಊರಿನವರಿಗೆ ಒಂದು ಎಚ್ಚರಿಕೆ. ಸಾಸಿವೆ ಸಿಡಿಸುವ ಮೊದಲು ಚಾವಣಿಯ ಕಿಂಡಿ ತೆರೆದು ಫ್ಯಾನ್ ಹಾಕಿ, ಇಲ್ಲದಿದ್ದರೆ ಹೊಗೆಯ ಅಲಾರಂ ಕಿರುಚಿಕೊಳ್ಳುತ್ತದೆ. ಒಣಮೆಣಸಿನಕಾಯಿಯ ಘಾಟು ಹಾಸಿಗೆಗೂ ಹತ್ತುತ್ತದೆ. ಸಾಮಾನು ಊರಿಂದ ಹೊರಬೇಕಿಲ್ಲ. ಕ್ರೈಸ್ಟ್‌ಚರ್ಚ್‌ನ ಇಂಡಿಯನ್ ಅಂಗಡಿಗಳಲ್ಲಿ ಅಕ್ಕಿ, ತೊಗರಿಬೇಳೆ, ಸಾಂಬಾರ್ ಪುಡಿ ಎಲ್ಲ ಸಿಗುತ್ತದೆ. ಒಯ್ಯಲೇಬೇಕು ಅಂದರೆ ವಿಮಾನ ನಿಲ್ದಾಣದ ಫಾರ್ಮಿನಲ್ಲಿ ಪ್ರತಿಯೊಂದು ತಿನಿಸನ್ನೂ ಬರೆಯಿರಿ. ಬರೆಯದೆ ಸಿಕ್ಕಿಬಿದ್ದರೆ ಅಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಜೇನುತುಪ್ಪವನ್ನಂತೂ ಒಯ್ಯಲೇಬೇಡಿ.

ಟಾಯ್ಲೆಟ್ ವಿಷಯ ಮುಜುಗರ ಬಿಟ್ಟು ಮಾತಾಡಬೇಕು. 2023ರ ಕಾನೂನು ಬಂದ ಮೇಲೆ ಗಾಡಿಗೆ 'ಸೆಲ್ಫ್ ಕಂಟೈನ್ಡ್' (ಟಾಯ್ಲೆಟ್ಟು, ನೀರು ಎಲ್ಲ ತನ್ನಲ್ಲೇ ಇರುವ ಗಾಡಿ) ಅನ್ನುವ ಹಸಿರು ಚೀಟಿ ಸಿಗಬೇಕಾದರೆ ಟಾಯ್ಲೆಟ್ ಗಾಡಿಗೇ ಭದ್ರವಾಗಿ ಕೂರಿಸಿದ್ದಾಗಿರಬೇಕು. ಹಾಸಿಗೆ ಹಾಸಿದ್ದಾಗಲೂ ಬಳಸಲು ಬರುವಂತಿರಬೇಕು. ಊರಾಡಳಿತಗಳು ಬಿಟ್ಟಿಯಾಗಿ ರಾತ್ರಿ ನಿಲ್ಲಲು ಬಿಡುವ ಜಾಗಗಳು ಹೆಚ್ಚಾಗಿ ಇಂಥ ಗಾಡಿಗಳಿಗೆ ಮಾತ್ರ. ಚೀಟಿ ಇಲ್ಲದೆ ನಿಂತರೆ 400 ಡಾಲರ್ ದಂಡ ಬರುತ್ತದೆ, ಅದು ಬಾಡಿಗೆ ಕಂಪನಿಯ ಮೂಲಕ ನಿಮ್ಮ ಕಾರ್ಡಿಗೇ ಬರುತ್ತದೆ. ಪುಟ್ಟ ವ್ಯಾನಿನ ಬಾಡಿಗೆ ಕಡಿಮೆ ಅಂತ ಲೆಕ್ಕ ಹಾಕುವವರು ಇದನ್ನು ಸೇರಿಸಿಕೊಳ್ಳಬೇಕು, ಅಲ್ವಾ? ಪ್ರತಿ ರಾತ್ರಿಗೂ ದುಡ್ಡು ಕೊಟ್ಟು ನಿಲ್ಲಬೇಕಾದರೆ ಆ ಉಳಿತಾಯ ಬೇಗ ಕರಗುತ್ತದೆ. ಟಾಯ್ಲೆಟ್ಟಿನ ಕ್ಯಾಸೆಟ್ಟನ್ನು, ಅಂದರೆ ಕೊಳೆ ತುಂಬುವ ಡಬ್ಬವನ್ನು, ಅದಕ್ಕೆಂದೇ ಇರುವ ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡುವ ಕೆಲಸ ಯಾರದು ಅಂತ ಹೊರಡುವ ಮೊದಲೇ ಇಬ್ಬರೂ ಮಾತಾಡಿಕೊಳ್ಳಿ. ನಾವು ಸರದಿ ಹಾಕಿಕೊಂಡೆವು. ಕೈಗವಸು ಹಾಕಿದರೆ ಐದು ನಿಮಿಷದ ಕೆಲಸ.

ಎತ್ತರದ ವ್ಯಾನಿಗೂ ತನ್ನದೇ ಕಷ್ಟಗಳಿವೆ. ಮೆಕೆಂಜಿ ಬಯಲಿನಲ್ಲಿ ವಾಯವ್ಯದ ಗಾಳಿ ಎದ್ದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ, ವೇಗ ಇಳಿಸಲೇಬೇಕು. ನಿಲ್ಲಿಸುವಾಗ ಮೂತಿ ಗಾಳಿಗೆ ಎದುರಾಗಿರಲಿ, ಬಾಗಿಲನ್ನು ಕೈಬಿಡದೆ ಹಿಡಿದು ತೆರೆಯಿರಿ. ಚಾವಣಿಗೂ ಗಾಡಿಯ ತಳಕ್ಕೂ ಆಗುವ ಪೆಟ್ಟು ಹಲವು ವಿಮೆಗಳಲ್ಲಿ ಸೇರಿರುವುದಿಲ್ಲ, ಸಹಿ ಮಾಡುವ ಮೊದಲು ಆ ಸಾಲು ಓದಿ. ಇನ್ನೊಂದು ಖರ್ಚು ಬಹಳ ಜನರಿಗೆ ಗೊತ್ತಿರುವುದಿಲ್ಲ. ಅಲ್ಲಿ ಪೆಟ್ರೋಲ್ ಬೆಲೆಯಲ್ಲಿ ರಸ್ತೆ ತೆರಿಗೆ ಸೇರಿದೆ, ಡೀಸೆಲ್ ಬೆಲೆಯಲ್ಲಿ ಇಲ್ಲ. ಡೀಸೆಲ್ ಗಾಡಿಗೆ ಓಡಿಸಿದ ಕಿಲೋಮೀಟರ್ ಲೆಕ್ಕದಲ್ಲಿ ತೆರಿಗೆ. 3.5 ಟನ್‌ಗಿಂತ ಹಗುರದ ಗಾಡಿಗೆ 1000 ಕಿ.ಮೀ.ಗೆ 76 ಡಾಲರ್ ಆಸುಪಾಸು. ಬಾಡಿಗೆ ಕಂಪನಿ ಇದನ್ನು ಕೊನೆಯಲ್ಲಿ ಸೇರಿಸುತ್ತದೆ. ಪಂಪಿನಲ್ಲಿ ಡೀಸೆಲ್ ಅಗ್ಗ ಅಂತ ಕಾಣುವುದು ಇದಕ್ಕೇ. ಇನ್ನು ನಾಲ್ಕಾರು ಜನರ ದೊಡ್ಡ ಮೋಟರ್‌ಹೋಮ್ ಇಬ್ಬರಿಗೆ ಬೇಡವೇ ಬೇಡ. 3.5 ಟನ್ ದಾಟಿದರೆ 100ರ ರಸ್ತೆಯಲ್ಲೂ 90ಕ್ಕೇ ಓಡಿಸಬೇಕು.

ಕಾರು-ಕ್ಯಾಬಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗಿನ ಚಳಿಯಲ್ಲಿ ಹೋಗುವುದಾದರೆ, ಬೆನ್ನುನೋವು ಇರುವವರಾದರೆ, ಅದೇ ಸರಿ. ಬಿಸಿನೀರು, ಅಗಲ ಹಾಸಿಗೆ, ಒಗೆದ ಬಟ್ಟೆ. ಆದರೆ ಬೆಳಗ್ಗೆ ಹತ್ತಕ್ಕೆ ಕೀ ಕೊಟ್ಟು ಹೊರಡಬೇಕು. ಎಲ್ಲ ರಾತ್ರಿಯೂ ಮೊದಲೇ ಬುಕ್ ಆಗಿರುವುದರಿಂದ ಪಶ್ಚಿಮದಲ್ಲಿ ಮಳೆ ಅಂತ ಗೊತ್ತಾದರೂ ಅಲ್ಲಿಗೇ ಹೋಗಬೇಕು. ಹವಾಮಾನ ನೋಡಿ ದಾರಿ ಬದಲಿಸುವುದೇ ದಕ್ಷಿಣ ದ್ವೀಪದ ಪ್ರಯಾಣದ ಜೀವ. ಕಾರಿನಲ್ಲಿ ಅದನ್ನು ಕಳೆದುಕೊಂಡದ್ದು ನನಗೆ ಬೇಸರ ತಂದಿತು.

ರಾತ್ರಿ ಎಲ್ಲಿ ನಿಲ್ಲುವುದು ಅನ್ನುವುದೂ ಗಾಡಿಯಷ್ಟೇ ಮುಖ್ಯ. ಸಂರಕ್ಷಣಾ ಇಲಾಖೆಯ ಜಾಗಗಳನ್ನು ಅಲ್ಲಿ ಎಲ್ಲರೂ ಡಾಕ್ (DOC) ಕ್ಯಾಂಪ್‌ಸೈಟ್ ಅನ್ನುತ್ತಾರೆ. ನೋಟದಲ್ಲಿ ಅವನ್ನು ಮೀರಿಸುವುದು ಇಲ್ಲ. ಆವೊರಾಕಿ, ಅಂದರೆ ಮೌಂಟ್ ಕುಕ್ ಬೆಟ್ಟದ ಬುಡದ ವೈಟ್ ಹಾರ್ಸ್ ಹಿಲ್‌ನಲ್ಲಿ ನಿಂತರೆ ಹೂಕರ್ ಕಣಿವೆಯ ಕಾಲುದಾರಿ ಅಲ್ಲಿಂದಲೇ ಶುರು, 3724 ಮೀಟರ್‌ನ ಶಿಖರದ ಕಡೆಗೇ ನಡಿಗೆ. ಹಾವೆಯಾ ಕೆರೆಯ ಕಿಡ್ಸ್ ಬುಷ್ ನನಗೆ ಅದಕ್ಕಿಂತಲೂ ಇಷ್ಟ, ಜನ ಕಡಿಮೆ, ನೀರು ಕಾಲಡಿಯಲ್ಲೇ. ಆದರೆ ಇಲ್ಲಿ ಕರೆಂಟ್ ಇಲ್ಲ. ಹಾಲಿಡೇ ಪಾರ್ಕ್‌ಗಳಲ್ಲಿ ಕರೆಂಟ್, ಬಿಸಿನೀರು, ದೊಡ್ಡ ಅಡುಗೆಮನೆ, ವಾಷಿಂಗ್ ಮೆಷಿನ್ ಎಲ್ಲ ಇದೆ, ಗಾಡಿಗಳು ಮಾತ್ರ ಒತ್ತೊತ್ತಾಗಿ ನಿಂತಿರುತ್ತವೆ. ಎರಡು ರಾತ್ರಿ ಡಾಕ್, ಮೂರನೆಯದು ಹಾಲಿಡೇ ಪಾರ್ಕ್ ಅನ್ನುವ ಲಯ ನಮಗೆ ಸರಿಹೋಯಿತು. ಎತ್ತರದ ವ್ಯಾನಿನ ಬ್ಯಾಟರಿಯೂ ನೀರಿನ ಟ್ಯಾಂಕೂ ಅಷ್ಟು ದಿನ ಬಂದವು. ಪುಟ್ಟ ವ್ಯಾನಿನಲ್ಲಿ ಪಶ್ಚಿಮಕ್ಕೆ ಹೋಗಲೇಬೇಕಾದರೆ ಪ್ರತಿ ರಾತ್ರಿಯೂ ಹಾಲಿಡೇ ಪಾರ್ಕೇ ಹಿಡಿಯಿರಿ. ಅಡುಗೆಮನೆಗೆ ಸೂರಿರುತ್ತದೆ.

ತಿಂಗಳು ಫೆಬ್ರವರಿ, ಮಾರ್ಚ್ ಆದರೆ ಒಳ್ಳೆಯದು. ಕ್ರಿಸ್‌ಮಸ್‌ನಿಂದ ಜನವರಿ ಕೊನೆಯವರೆಗೆ ಅಲ್ಲಿನವರದ್ದೇ ರಜೆ, ಗಾಡಿಯೂ ದುಬಾರಿ, ಜಾಗವೂ ಸಿಗದು. ಮ್ಯಾಪ್ ತೋರಿಸುವ ಸಮಯಕ್ಕೆ ವ್ಯಾನಿನಲ್ಲಿ ಕಾಲು ಭಾಗ ಸೇರಿಸಿಕೊಳ್ಳಿ. ಒಂದೇ ಗಾಡಿ ಹಿಡಿಸುವ ಸೇತುವೆಗಳು ಪಶ್ಚಿಮದಲ್ಲಿ ತುಂಬಾ ಇವೆ. ನಿಮ್ಮ ಕಡೆಯ ಬಾಣ ಕೆಂಪಗೆ, ಚಿಕ್ಕದಾಗಿದ್ದರೆ ನಿಂತು ಎದುರಿನವರಿಗೆ ದಾರಿ ಬಿಡಬೇಕು.

ಮೂರರ ನಡುವಿನ ವ್ಯತ್ಯಾಸ ನನಗೆ ಅತಿ ಸ್ಪಷ್ಟವಾದದ್ದು ಮಿಲ್‌ಫರ್ಡ್ ದಾರಿಯಲ್ಲಿ. ಕಾರಿನಲ್ಲಿ ಟೆ ಆನೌ ಊರಲ್ಲಿ ತಂಗಿ, ಬೆಳಗಿನ ದೋಣಿ ಹಿಡಿಯಲು ಕತ್ತಲಲ್ಲೇ ಎದ್ದು 120 ಕಿ.ಮೀ. ಓಡಿಸಿದೆವು. ದಾರಿಯ ಕೆರೆ, ಕಣಿವೆ ಯಾವುದಕ್ಕೂ ನಿಲ್ಲಲು ಪುರಸೊತ್ತಿಲ್ಲ. ಎತ್ತರದ ವ್ಯಾನಿನಲ್ಲಿ ಹಿಂದಿನ ಸಂಜೆಯೇ ಎಗ್ಲಿಂಟನ್ ಕಣಿವೆಯ ಕ್ಯಾಸ್ಕೇಡ್ ಕ್ರೀಕ್ ಕ್ಯಾಂಪ್‌ಸೈಟ್‌ನಲ್ಲಿ ನಿಂತೆವು. ಅಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ದಾರಿ ಸವೆದಿತ್ತು. ಬೆಳಗ್ಗೆ ಕಾಫಿ ಕುಡಿದು, ಅವಲಕ್ಕಿ ಒಗ್ಗರಣೆ ತಿಂದು ಹೊರಟರೂ ಕ್ವೀನ್ಸ್‌ಟೌನ್‌ನ ಬಸ್ಸುಗಳಿಗಿಂತ ಮೊದಲೇ ದೋಣಿಕಟ್ಟೆಯಲ್ಲಿದ್ದೆವು. ಮಳೆ ಬರುತ್ತಿತ್ತು, ಮಿಲ್‌ಫರ್ಡ್‌ನಲ್ಲಿ ಅದೇ ಬೇಕು. ಮಳೆ ಬಿದ್ದ ದಿನ ಬಂಡೆಗಳ ತುಂಬಾ ಹೊಸ ಜಲಪಾತಗಳು ಇಳಿಯುತ್ತವೆ. ನೆನೆದು ಬಂದು ವ್ಯಾನಿನೊಳಗೇ ಬಟ್ಟೆ ಬದಲಿಸಿ, ಹೀಟರ್ ಹಾಕಿಕೊಂಡು ಇನ್ನೊಂದು ಲೋಟ ಕಾಫಿ ಕುಡಿದೆವು. ಪುಟ್ಟ ವ್ಯಾನಿನಲ್ಲಿ ಇದೇ ದಾರಿಯಲ್ಲಿ ಬಂದಾಗ ಒದ್ದೆ ಬಟ್ಟೆಯಲ್ಲೇ ಟೆ ಆನೌಗೆ ವಾಪಸ್ ಹೋಗಿದ್ದೆವು.

ಯಾವ ಗಾಡಿಯಾದರೂ ಟ್ಯಾಂಕು ಟೆ ಆನೌನಲ್ಲೇ ತುಂಬಿಸಿ. ಚಳಿಗಾಲವಾದರೆ ಚಕ್ರಕ್ಕೆ ಕಟ್ಟುವ ಚೈನೂ ಅಲ್ಲೇ ಬಾಡಿಗೆಗೆ ಕೇಳಿ. 1954ರಲ್ಲಿ ತೆರೆದ ಹೋಮರ್ ಸುರಂಗ 1.2 ಕಿ.ಮೀ. ಉದ್ದ, ಕಡಿದಾದ ಇಳಿಜಾರು. ಒಳಗೆ ಹೋಗುವ ಮೊದಲೇ ಹೆಡ್‌ಲೈಟ್ ಹಾಕಿ, ಗೇರ್ ಇಳಿಸಿ. ಸುರಂಗದ ಬಾಯಲ್ಲಿ ಸಿಗ್ನಲ್‌ಗೆ ಕಾಯುವಾಗ ಕಿಯಾ ಗಿಳಿಗಳು ಬಾನೆಟ್ ಮೇಲೆ ಬಂದು ಕೂರುತ್ತವೆ, ವೈಪರ್ ರಬ್ಬರನ್ನು ಕಿತ್ತು ಎಳೆಯುತ್ತವೆ. ಎಷ್ಟೇ ಮುದ್ದಾಗಿ ನೋಡಿದರೂ ತಿನ್ನಲು ಏನನ್ನೂ ಕೊಡಬೇಡಿ. ಅವು ಅಳಿವಿನ ಅಂಚಿನಲ್ಲಿರುವ ಹಕ್ಕಿಗಳು, ನಮ್ಮ ತಿಂಡಿ ಅವಕ್ಕೆ ಒಗ್ಗುವುದಿಲ್ಲ.