ಪಡೌಕ್ ಮರದ ಗಿಟಾರ್: ಕೆಲವು ವರ್ಷ ನುಡಿಸಿದ ಮೇಲೆ ಬಣ್ಣದ ಲೆಕ್ಕಾಚಾರ

ನನ್ನದು ಕುಶಲಕರ್ಮಿಯೊಬ್ಬರಿಂದ ಹೇಳಿ ಮಾಡಿಸಿದ ಅಕೌಸ್ಟಿಕ್ ಗಿಟಾರ್. ಬ್ಯಾಕ್ ಮತ್ತು ಸೈಡ್ ಎರಡೂ ಆಫ್ರಿಕನ್ ಪಡೌಕ್, ಟಾಪ್ ಸಿಟ್ಕಾ ಸ್ಪ್ರೂಸ್, ಅಂಚಿನ ಬೈಂಡಿಂಗ್ (ಸುತ್ತಲಿನ ತೆಳು ಪಟ್ಟಿ) ನೇರಳೆ ಬಣ್ಣದ ಮರವಾದ ಪರ್ಪಲ್‌ಹಾರ್ಟ್. ತಂತಿ ಬಿಗಿಯುವ ತುದಿಯಾದ ಹೆಡ್‌ಸ್ಟಾಕ್‌ನ ಮುಖಕ್ಕೂ ಪಡೌಕ್ ಹೊದಿಕೆ. ಮೇಲೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. 2018ರಲ್ಲಿ ಮನೆಗೆ ಬಂತು, ಅಂದಿನಿಂದ ಇದೇ ನನ್ನ ಮುಖ್ಯ ಗಿಟಾರ್.

ಪಡೌಕ್ ಆರಿಸಲು ಕಾರಣವಿತ್ತು. 2017ರ ಜನವರಿಯಲ್ಲಿ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ, ಅಂದರೆ ನಮ್ಮ ಬೀಟೆಯೂ ಸೇರಿದಂತೆ ರೋಸ್‌ವುಡ್‌ಗಳೆಲ್ಲ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಮೇಲಿನ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದವು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಯಲ್ಲಿ. ನಡುವಿನ ಅವಧಿಯಲ್ಲಿ ಗಿಟಾರ್ ಮಾಡುವ ಎಷ್ಟೋ ಜನ ಬೇರೆ ಮರಗಳತ್ತ ತಿರುಗಿದರು, ನನ್ನ ಗಿಟಾರ್ ಕೂಡ ಆ ಹೊತ್ತಿನದೇ. ಕೋಲಿನಿಂದ ಬಾರಿಸುವ ಮರಿಂಬಾ ವಾದ್ಯದ ಪಟ್ಟಿಗಳಿಗೆ ಬಳಸುವ ಮರ ಈ ಪಡೌಕ್, ತಟ್ಟಿದರೆ ಗಂಟೆಯಂತೆ ಮೊಳಗುತ್ತದೆ. ನಾದದ ವಿಷಯದಲ್ಲಿ ನನಗೆ ಯಾವ ತಕರಾರೂ ಇಲ್ಲ: ತಗ್ಗಿನ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ, ಕಾರ್ಡ್ ನುಡಿಸಿದಾಗ ಕಲಸಿಹೋಗುವುದಿಲ್ಲ.

ಆದರೆ ಇಂಥ ಗಿಟಾರಿಗೆ ಜನ ಮೊದಲು ಮರುಳಾಗುವುದು ಬಣ್ಣ ನೋಡಿ. ಅದಕ್ಕೇ ಈ ವಿಮರ್ಶೆಯಲ್ಲಿ ಬಣ್ಣದ್ದೇ ಮಾತು ಹೆಚ್ಚು. ಮಾರಾಟದ ಫೋಟೋದಲ್ಲಿ ಕಾಣುವ ಉರಿಯುವ ಕಿತ್ತಳೆ ಆ ಮರದ ಮೊದಲ ಕೆಲವು ತಿಂಗಳ ಬಣ್ಣ ಮಾತ್ರ. ನನ್ನ ಗಿಟಾರಿನಲ್ಲಿ ಮೊದಲ ವರ್ಷ ಮುಗಿಯುವಷ್ಟರಲ್ಲಿ ಕಿತ್ತಳೆ ಇಳಿದು ಇಟ್ಟಿಗೆ ಕೆಂಪಾಯಿತು. ಆಮೇಲೆ ನಿಧಾನವಾಗಿ ಕಂದು ಬೆರೆಯುತ್ತಾ ಹೋಗಿ ಈಗ ಅಡಿಕೆ ಚೊಗರಿನ ಬಣ್ಣಕ್ಕೆ ಬಂದು ನಿಂತಿದೆ. ಬದಲಾವಣೆಯ ಬಹುಪಾಲು ಮೊದಲ ಒಂದೆರಡು ವರ್ಷಗಳಲ್ಲೇ ಆಗಿಹೋಗುತ್ತದೆ, ನಂತರದ್ದು ಪಕ್ಕದಲ್ಲಿ ಹಳೆಯ ಫೋಟೋ ಇಟ್ಟು ನೋಡಿದರಷ್ಟೇ ತಿಳಿಯುತ್ತದೆ.

ಎಷ್ಟು ಬದಲಾಗಿದೆ ಎನ್ನುವುದು ನನಗೆ ಸರಿಯಾಗಿ ಕಂಡದ್ದು ಹೆಡ್‌ಸ್ಟಾಕ್‌ನಲ್ಲಿ. ಮಳೆಗಾಲದಲ್ಲಿ ತೇವಕ್ಕೆ ನೆಕ್ ಸ್ವಲ್ಪ ಬಾಗಿತ್ತು. ಬಾಗು ಸರಿಪಡಿಸಲು ನೆಕ್ ಒಳಗಿರುವ ಸರಳು, ಟ್ರಸ್ ರಾಡ್, ತಿರುಗಿಸೋಣ ಎಂದು ಅದರ ಪುಟ್ಟ ಮುಚ್ಚಳದ ಎರಡು ತಿರುಪು ಬಿಚ್ಚಿದೆ. ಮುಚ್ಚಳ ಕೂತಿದ್ದ ಜಾಗದಲ್ಲಿ ಅದೇ ಆಕಾರದ ಕಿತ್ತಳೆ ಗುರುತು, ಗೆರೆ ಎಳೆದಷ್ಟು ಚೊಕ್ಕ. ಸುತ್ತಲೂ ಕಂದುಗೆಂಪು. ಮುಚ್ಚಳದ ಅಡಿಗೂ ಅದೇ ಮರ, ಅದೇ ಲ್ಯಾಕರ್, ಬೆಳಕು ಮಾತ್ರ ಬಿದ್ದಿರಲಿಲ್ಲ. ಸೌಂಡ್‌ಹೋಲ್‌ನಿಂದ ಒಳಗೆ ಟಾರ್ಚ್ ಹಾಕಿ ನೋಡಿದರೂ ಇದೇ ಕಥೆ: ರಂಧ್ರದ ನೇರ ಕೆಳಗಿನ ಭಾಗ ಮಂಕಾಗಿದೆ, ಬೆಳಕು ತಲುಪದ ಮೂಲೆಗಳು ಇನ್ನೂ ಕೆಂಪಗಿವೆ.

ಮರದ ಚೇಗಿನಲ್ಲಿ, ಅಂದರೆ ಗಟ್ಟಿ ಒಳತಿರುಳಿನಲ್ಲಿ, ಇರುವ ಬಣ್ಣದ ಪದಾರ್ಥಗಳು ಗಾಳಿ ಮತ್ತು ಬೆಳಕಿಗೆ, ಅದರಲ್ಲೂ ನೇರಳಾತೀತ ಕಿರಣಕ್ಕೆ, ಒಡ್ಡಿಕೊಂಡಾಗ ಬದಲಾಗುತ್ತವೆ. ಪಡೌಕ್‌ನ ಕೆಂಪಿಗೆ ಕಾರಣ ಸ್ಯಾಂಟಲಿನ್ ಜಾತಿಯ ವರ್ಣದ್ರವ್ಯ. ನಮ್ಮ ರಕ್ತಚಂದನದ ಕೆಂಪೂ ಅದರದೇ, ಎರಡೂ ಮರ ಟೆರೋಕಾರ್ಪಸ್ ಕುಲದವು, ಹೊನ್ನೆಯೂ ಅದೇ ಕುಲ. ಕಿಟಕಿಯ ಗಾಜು ಹಾಕಿದ್ದರೆ ಸಾಕು ಎಂದುಕೊಳ್ಳಬೇಡಿ, ಸಾಮಾನ್ಯ ಗಾಜು ನೇರಳಾತೀತದ ಒಂದು ಭಾಗವನ್ನಷ್ಟೇ ತಡೆಯುತ್ತದೆ. ನೇರಳಾತೀತ ತಡೆಯುವ ಲ್ಯಾಕರ್ ಬಳಿದರೆ ವೇಗ ಕಡಿಮೆಯಾಗುತ್ತದೆ, ಬದಲಾವಣೆ ನಿಲ್ಲುವುದಿಲ್ಲ.

ಪಡೌಕ್ ಕಂದಾಗಿದ್ದು ನನಗೆ ಇಷ್ಟವಾಯಿತು, ನಿಜಕ್ಕೂ ಇಷ್ಟವಾಯಿತು. ಬಿಳುಪಾಗಿದ್ದ ಸ್ಪ್ರೂಸ್ ಟಾಪ್ ಈಗ ಜೇನುಬಣ್ಣಕ್ಕೆ ತಿರುಗಿದೆ, ಹಿಂಬದಿ ಅದಕ್ಕಿಂತ ಎಷ್ಟೋ ಹೆಚ್ಚು ಗಾಢವಾಗಿದೆ. ಎರಡೂ ಒಂದಕ್ಕೊಂದು ಒಪ್ಪುತ್ತವೆ. ನನಗೆ ನೋವಾದದ್ದು ಪರ್ಪಲ್‌ಹಾರ್ಟ್ ಬೈಂಡಿಂಗ್ ನೋಡಿ. ಈ ಮರದ ಸ್ವಭಾವವೇ ವಿಚಿತ್ರ. ಹೊಸದಾಗಿ ಕೀಸಿದಾಗ ಬೂದುಗಂದು, ನೇರಳೆಯ ಸುಳಿವೂ ಅಷ್ಟಾಗಿ ಇರುವುದಿಲ್ಲ. ಗಾಳಿ ಬೆಳಕಿಗೆ ಬಂದ ಮೇಲೆ ನೇರಳೆ ಏರುತ್ತದೆ. ಅದೇ ಬೆಳಕು ಮುಂದೆ ಆ ನೇರಳೆಯನ್ನು ಕಂದು ಮಾಡುತ್ತದೆ. ಅದರ ಮೇಲಿರುವ ನೈಟ್ರೋ ಲ್ಯಾಕರ್ ಕೂಡ ವರ್ಷ ಕಳೆದಂತೆ ಹಳದಿಯಾಗುತ್ತದೆ, ಹಳದಿ ಪದರದ ಮೂಲಕ ನೋಡಿದ ನೇರಳೆ ಇನ್ನಷ್ಟು ಕಂದಾಗಿಯೇ ಕಾಣುತ್ತದೆ. ಕಿತ್ತಳೆ ಮರಕ್ಕೆ ನೇರಳೆ ಅಂಚು ಎಂದು ಅಷ್ಟು ಆಸೆಪಟ್ಟು ಹೇಳಿ ಮಾಡಿಸಿದ್ದು. ಇಂದು ಕಂದಿನ ಪಕ್ಕದಲ್ಲಿ ಕಂದು. ಮೂರು ಅಡಿ ದೂರದಿಂದ ನೋಡಿದರೆ ಬೈಂಡಿಂಗ್ ಇದೆ ಎಂದೇ ತಿಳಿಯುವುದಿಲ್ಲ.

ಹಾಗಾಗಿ ಮಾಡಿಸುವವರಿಗೆ ನನ್ನ ಸಲಹೆ: ಎರಡು ಮರ ಪಕ್ಕಪಕ್ಕ ಇಡುವಾಗ ಬಣ್ಣದ ವ್ಯತ್ಯಾಸ ನಂಬಬೇಡಿ, ತಿಳಿ-ಗಾಢದ ವ್ಯತ್ಯಾಸ ನಂಬಿ. ಎರಡನ್ನೂ ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆದು ನೋಡಿ. ಅದರಲ್ಲೂ ಬೇರೆಬೇರೆಯಾಗಿ ಕಂಡರೆ ಹತ್ತು ವರ್ಷದ ಮೇಲೂ ಬೇರೆಯಾಗಿ ಕಾಣುವ ಸಾಧ್ಯತೆ ಹೆಚ್ಚು. ಪಡೌಕ್‌ಗೆ ತಿಳಿ ಬಣ್ಣದ ಮೇಪಲ್ ಅಂಚು ಎಂದಿಗೂ ಕರಗಿಹೋಗುವುದಿಲ್ಲ. ಮೈಸೂರಿನ ಹಳೆಯ ಇನ್‌ಲೇ ಫಲಕಗಳಲ್ಲಿ ಬೀಟೆಯ ಗಾಢ ನೆಲದ ಮೇಲೆ ತಿಳಿ ಮರದ ಚಿತ್ರ ಇವತ್ತಿಗೂ ಎದ್ದು ಕಾಣುವುದು ಇದೇ ಕಾರಣಕ್ಕೆ. ಬೀಟೆಯೂ ಹೊಸದರಲ್ಲಿ ನೇರಳೆ ಛಾಯೆ ತೋರಿಸಿ ಆಮೇಲೆ ಕಂದಾಗುವ ಮರವೇ. ಮೊದಲೇ ಗಾಢವಾದ್ದರಿಂದ ಯಾರೂ ಗಮನಿಸುವುದಿಲ್ಲ, ಅಷ್ಟೆ.

ಪಡೌಕ್‌ನ ಇನ್ನೊಂದು ಗುಣ ತಿಳಿದಿರಲಿ. ಇದರ ಬಣ್ಣ ಸ್ಪಿರಿಟ್‌ನಲ್ಲಿ ಕರಗುತ್ತದೆ. ಕಟ್ಟುವ ಹಂತದಲ್ಲಿ ಸ್ಯಾಂಡ್‌ಪೇಪರ್ ಉಜ್ಜಿದ ಕೆಂಪು ಪುಡಿ ಸ್ಪ್ರೂಸ್ ಮೇಲೆ ಕೂತು, ಅದರ ಮೇಲೆ ಸ್ಪಿರಿಟ್ ಬಟ್ಟೆ ಆಡಿಸಿದರೆ ಬಿಳಿ ಟಾಪ್ ಗುಲಾಬಿಯಾಗುತ್ತದೆ. ನಿಮ್ಮ ಗಿಟಾರ್ ಬಂದಾಗ ಟಾಪ್‌ನ ಅಂಚನ್ನು ಹಗಲು ಬೆಳಕಿನಲ್ಲಿ ಸುತ್ತಲೂ ನೋಡಿ. ನನ್ನದರಲ್ಲಿ ಒಂದು ಕಲೆಯೂ ಇರಲಿಲ್ಲ, ಕಟ್ಟಿದವರ ಕೈ ಎಂಥದು ಎಂಬುದಕ್ಕೆ ಅಷ್ಟೇ ಸಾಕ್ಷಿ ಸಾಕು. ನೀವೂ ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮುಟ್ಟಬೇಡಿ, ಲ್ಯಾಕರ್ ಮೆತ್ತಗಾಗುತ್ತದೆ.

ಕೆಲವರು ಉಜ್ಜಿಸಿ ಹೊಸ ಬಣ್ಣ ತರಿಸಬಹುದಲ್ಲ ಎನ್ನುತ್ತಾರೆ. ಬರುತ್ತದೆ. ಆದರೆ ಗಿಟಾರಿನ ಬ್ಯಾಕ್ ಇರುವುದೇ ಎರಡೂವರೆ ಮಿಲಿಮೀಟರ್ ಆಸುಪಾಸು, ಮತ್ತೆ ಮತ್ತೆ ಕೆರೆಯಲು ಅದು ಊಟದ ಮೇಜಲ್ಲ. ತಂದ ಬಣ್ಣವೂ ಮತ್ತೆ ಕಂದಾಗುತ್ತದೆ. ಅದರ ಬದಲು ಮೊದಲ ವರ್ಷ ಗೋಡೆಗೆ ನೇತುಹಾಕದೆ ಪೆಟ್ಟಿಗೆಯಲ್ಲಿಡಿ. ಹಾಗಾದರೆ ಬಣ್ಣ ಕಿಟಕಿಯ ಕಡೆಗೊಂದು, ಗೋಡೆಯ ಕಡೆಗೊಂದು ಆಗದೆ ಎಲ್ಲೆಡೆ ಸಮನಾಗಿ ಇಳಿಯುತ್ತದೆ.

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಳೆದದ್ದು ಆ ಬೈಂಡಿಂಗ್‌ಗೆ. ಇದೇ ಗಿಟಾರ್ ಮತ್ತೆ ಮಾಡಿಸುವುದಾದರೆ ಮರ ಪಡೌಕೇ, ಅಂಚು ಮೇಪಲ್. ಆರ್ಡರ್ ಕೊಡುವ ಮುಂಚೆ ಗಿಟಾರ್ ಮಾಡುವವರು ತಮ್ಮ ಕೈಯಲ್ಲೇ ಕಟ್ಟಿದ, ನಾಲ್ಕೈದು ವರ್ಷ ಹಳೆಯದಾದ ಪಡೌಕ್ ಗಿಟಾರಿನ ಫೋಟೋ ಕೇಳಿ ಪಡೆಯಿರಿ.